ಎಫ್ ಶಾರ್ಪ್ ಮೂಕವಾದ ಆರ್ಗನ್

ಪ್ರಶ್ನೆ: ಉಡುಪಿ ಕಡೆಯ ನಮ್ಮ ಚರ್ಚಿನಲ್ಲಿ 1970ರ ದಶಕದ ಕೊನೆಯಲ್ಲಿ ತಯಾರಾದ ಎಲೆಕ್ಟ್ರಾನಿಕ್ ಆರ್ಗನ್ ಒಂದಿದೆ. ಅಮೆರಿಕದಲ್ಲಿ ನೆಲೆಸಿದ್ದ ಕುಟುಂಬವೊಂದು ದಾನ ಕೊಟ್ಟದ್ದು. ಎರಡು ಕೀಲಿಮಣೆ, ಒಂದೊಂದರಲ್ಲಿ 61 ಕೀಲಿ, ಕಾಲಿನಿಂದ ನುಡಿಸುವ 25 ಪೆಡಲ್, ದನಿಯ ಬಗೆ ಆರಿಸುವ ಇಪ್ಪತ್ತೆರಡು ಸ್ಟಾಪ್. ಎಫ್ ಶಾರ್ಪ್ ಸ್ವರ ಈಗ ಯಾವ ಸಪ್ತಕದಲ್ಲೂ ಬರುವುದಿಲ್ಲ. ಕೆಲವು ಕೀಲಿಗಳು ಒತ್ತಿದರೆ ಕರಕರ ಎನ್ನುತ್ತವೆ. ಸ್ವಿಚ್ ಹಾಕಿದ ಗಳಿಗೆಯಿಂದ ಗುಂಯ್ ಎಂಬ ಸದ್ದು ನಿಲ್ಲುವುದೇ ಇಲ್ಲ. ಒಬ್ಬ ಮೆಕ್ಯಾನಿಕ್ ನೋಡಿ, ‘ಗುಜರಿಗೆ ಹಾಕಿ, ಒಂದು ಕೀಬೋರ್ಡ್ ತನ್ನಿ’ ಎಂದರು. ಸಭೆಯ ಹಿರಿಯರಿಗೆ ಮನಸ್ಸಿಲ್ಲ; 60,000 ರೂಪಾಯಿವರೆಗೆ ಖರ್ಚು ಮಾಡಲು ಒಪ್ಪಿದ್ದಾರೆ. ನಾನು ಎಲೆಕ್ಟ್ರಾನಿಕ್ಸ್‌ನಲ್ಲಿ ಡಿಪ್ಲೊಮಾ ಮಾಡಿದವನು, ಬೆಸುಗೆ ಹಾಕಬಲ್ಲೆ. ಇದನ್ನು ಡಿಜಿಟಲ್ ಮಾಡಲು ಸಾಧ್ಯವೇ?

ಉತ್ತರ: ಸಾಧ್ಯ. ಗುಜರಿಗೆ ಹಾಕಬೇಡಿ. ಹಾಗೆಂದು ನಾಳೆ ಬೆಳಿಗ್ಗೆಯೇ ಸ್ಕ್ರೂಡ್ರೈವರ್ ಹಿಡಿದು ಅದರ ಹೊಟ್ಟೆ ಬಗೆಯಲೂ ಬೇಡಿ. ನೀವು ಬರೆದ ಮೂರು ದೂರುಗಳು ಮೂರು ಬೇರೆ ಬೇರೆ ಕಾಯಿಲೆಗಳು. ಎರಡು ನೆಗಡಿ ಕೆಮ್ಮಿನಂಥವು, ಒಂದಕ್ಕೆ ಮಾತ್ರ ವೈದ್ಯ ಬೇಕು.

ಮೊದಲು ಪ್ಲಗ್ ಕಿತ್ತು, ಹತ್ತು ನಿಮಿಷ ಬಿಟ್ಟು, ಹಿಂಬದಿಯ ಹಲಗೆ ತೆಗೆದು ಟಾರ್ಚ್ ಬಿಟ್ಟು ನೋಡಿ. ದೊಡ್ಡ ಕೆಪಾಸಿಟರ್‌ಗಳು ಪ್ಲಗ್ ಕಿತ್ತ ಮೇಲೂ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತವೆ. ಮೀಟರ್ ಹಿಡಿದು ಶೂನ್ಯಕ್ಕೆ ಇಳಿದಿದೆ ಎಂದು ಖಾತ್ರಿಯಾಗುವವರೆಗೆ ಕೈ ಹಾಕಬೇಡಿ. ಒಳಗೆ ಮೋಟಾರು, ಅದಕ್ಕೆ ಜೋಡಿಸಿದ ಹಲ್ಲುಚಕ್ರಗಳ ಉದ್ದನೆಯ ಕಬ್ಬಿಣದ ಪೆಟ್ಟಿಗೆ ಕಂಡರೆ ಹಲಗೆಯನ್ನು ಮತ್ತೆ ಮುಚ್ಚಿಬಿಡಿ. ಅದು ಲಾರೆನ್ಸ್ ಹ್ಯಾಮಂಡ್ 1935ರಲ್ಲಿ ಮಾರುಕಟ್ಟೆಗೆ ತಂದ ಬಗೆಯ ಚಕ್ರದ ಆರ್ಗನ್. ಅದರ ಸದ್ದಿಗಾಗಿ ಜಗತ್ತಿನಾದ್ಯಂತ ಜನ ಪ್ರಾಣ ಬಿಡುತ್ತಾರೆ. ಅದನ್ನು ಡಿಜಿಟಲ್ ಮಾಡುವುದು ವೀಣೆಯ ಬುರುಡೆಯೊಳಗೆ ಮೊಬೈಲ್ ಇಟ್ಟ ಹಾಗೆ. ಆದರೆ ಅಂಥ ಆರ್ಗನ್‌ಗಳ ತಯಾರಿಕೆ 1970ರ ದಶಕದ ಮಧ್ಯಭಾಗಕ್ಕೆ ನಿಂತುಹೋಯಿತು. ನಿಮ್ಮ ಎಫ್ ಶಾರ್ಪ್ ಎಲ್ಲ ಸಪ್ತಕಗಳಲ್ಲೂ ಒಮ್ಮೆಗೇ ಮೂಕವಾಗಿರುವುದನ್ನು ನೋಡಿದರೆ ನಿಮ್ಮದು ಆ ಜಾತಿಯದಲ್ಲ.

ಆ ಮೌನವೇ ನಿಮ್ಮ ಆರ್ಗನ್ನಿನ ಜಾತಕ. ಪ್ರತಿ ಕೀಲಿಗೂ ಸ್ವರ ಹುಟ್ಟಿಸುವ ಒಂದೊಂದು ಸರ್ಕಿಟ್, ಅಂದರೆ ಆಂದೋಲಕ, ಇಟ್ಟರೆ ಖರ್ಚೂ ಹೆಚ್ಚು, ಶ್ರುತಿ ಮಾಡುವ ಕೆಲಸವೂ ಹೆಚ್ಚು. ಹಾಗಾಗಿ ಅಂದಿನ ತಯಾರಕರು ಎಲ್ಲಕ್ಕಿಂತ ಮೇಲಿನ ಸಪ್ತಕದ ಹನ್ನೆರಡು ಸ್ವರಗಳನ್ನು ಮಾತ್ರ ಹುಟ್ಟಿಸುತ್ತಿದ್ದರು. ಒಂದೊಂದನ್ನೂ ಎರಡರಿಂದ ಭಾಗಿಸಿದರೆ ಕೆಳಗಿನ ಸಪ್ತಕ, ಮತ್ತೆ ಎರಡರಿಂದ ಭಾಗಿಸಿದರೆ ಅದಕ್ಕೂ ಕೆಳಗಿನದು. 1970ರ ದಶಕದಲ್ಲಿ ಈ ಹನ್ನೆರಡೂ ಸ್ವರಗಳು ಒಂದೇ ಚಿಪ್‌ನೊಳಗೆ ಬಂದವು. ಎಂಕೆ50240 ಎಂಬುದು ಅಂಥ ಪ್ರಸಿದ್ಧ ಚಿಪ್. ಅದಕ್ಕೆ ಸೆಕೆಂಡಿಗೆ 20,00,240 ಮಿಡಿತಗಳ ಗಡಿಯಾರ ಕೊಟ್ಟರೆ, ಅದನ್ನು 284ರಿಂದ ಭಾಗಿಸಿ 7,043 ಹರ್ಟ್ಸ್‌ನ ಎ ಸ್ವರ ಕೊಡುತ್ತದೆ. ನಾಲ್ಕು ಸಲ ಅರ್ಧ ಮಾಡಿದರೆ 440.2. ಎಲ್ಲರೂ ಶ್ರುತಿ ಹಿಡಿಯುವ 440ಕ್ಕೆ ಕೂದಲೆಳೆಯ ಹತ್ತಿರ. ಎಫ್ ಶಾರ್ಪ್‌ಗೆ ಭಾಜಕ 338. ಬರೀ ಪೂರ್ಣಾಂಕಗಳ ಭಾಗಾಕಾರದಿಂದ ಹನ್ನೆರಡು ಸ್ವರಗಳನ್ನು ಕಿವಿಗೆ ತಪ್ಪು ಕಾಣದಷ್ಟು ಸರಿಯಾಗಿ ಹೊಂದಿಸಿದ ಆ ಎಂಜಿನಿಯರ್‌ಗಳ ಲೆಕ್ಕವನ್ನು ನೆನೆದರೆ ನನಗೆ ಇವತ್ತಿಗೂ ಖುಷಿಯಾಗುತ್ತದೆ.

ಈಗ ನಿಮ್ಮ ಕಾಯಿಲೆಗೆ ಬರೋಣ. ಒಂದೇ ಒಂದು ಕೀಲಿ ಮೂಕವಾಗಿದ್ದರೆ ತಪ್ಪು ಆ ಕೀಲಿಯ ಸಂಪರ್ಕದಲ್ಲಿದೆ. ಒಂದು ಸ್ವರ ಮೇಲಿನ ಸಪ್ತಕಗಳಲ್ಲಿ ಬಂದು, ಒಂದು ಹಂತದಿಂದ ಕೆಳಕ್ಕೆ ಬರದಿದ್ದರೆ ನಡುವಿನ ಯಾವುದೋ ಭಾಜಕ ಸತ್ತಿದೆ. ಎಲ್ಲ ಸಪ್ತಕಗಳಲ್ಲೂ ಬರದಿದ್ದರೆ ಮೂಲದಲ್ಲೇ ತೊಂದರೆ: ಒಂದೋ ಆ ಚಿಪ್‌ನ ಎಫ್ ಶಾರ್ಪ್ ಕಾಲು ಸತ್ತಿದೆ, ಇಲ್ಲವೇ ಅಲ್ಲಿಂದ ಹೊರಡುವ ದಾರಿಯಲ್ಲಿ ಬೆಸುಗೆ ಬಿಟ್ಟಿದೆ. ವಿದ್ಯುತ್ತಿನ ಅಲೆಗಳನ್ನು ಪರದೆಯಲ್ಲಿ ತೋರಿಸುವ ಆಸಿಲೋಸ್ಕೋಪ್ ಇಲ್ಲದಿದ್ದರೂ ನಡೆಯುತ್ತದೆ. ಚಿಕ್ಕ ಆಂಪ್ಲಿಫಯರ್ ಒಂದರ ತಂತಿಯ ತುದಿಗೆ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಕಟ್ಟಿ, ಚಿಪ್‌ನ ಕಾಲುಗಳನ್ನು ಒಂದೊಂದಾಗಿ ಮುಟ್ಟಿ ಕೇಳಿ. ಉಳಿದ ಸ್ವರಗಳ ಕಾಲುಗಳಲ್ಲಿ ಕೀಚಲು ಸ್ವರ ಕೇಳಿ ಎಫ್ ಶಾರ್ಪ್ ಕಾಲಿನಲ್ಲಿ ಮಾತ್ರ ನಿಶ್ಶಬ್ದವಾಗಿದ್ದರೆ ಚಿಪ್ ಹೋಗಿದೆ. ಆ ಚಿಪ್ ಈಗ ತಯಾರಾಗುವುದಿಲ್ಲ. ಆದರೆ ಅದೇ ಭಾಗಾಕಾರವನ್ನು ಮಾಡುವ, ಅದೇ ಸಾಕೆಟ್‌ನಲ್ಲಿ ಕೂರುವ ಪುಟ್ಟ ಬದಲಿ ಬೋರ್ಡುಗಳನ್ನು ಹವ್ಯಾಸಿಗಳು ಮಾಡಿದ್ದಾರೆ. ನಿಮಗೆ ಈ ಆರ್ಗನ್ನಿನ ಹಳೆಯ ದನಿಯೇ ಇಷ್ಟವಾದರೆ ಇಷ್ಟಕ್ಕೇ ನಿಲ್ಲಿಸಬಹುದು. ಇದೂ ಡಿಜಿಟಲ್ ಸುಧಾರಣೆಯೇ, ಅತಿ ಅಗ್ಗದ್ದು.

ಗುಂಯ್ ಸದ್ದಿಗೆ ಒಂದು ಕಿವಿ ಪರೀಕ್ಷೆ ಹೇಳುತ್ತೇನೆ. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು 50 ಹರ್ಟ್ಸ್; ಅದು ಪಿಯಾನೊದ ತೀರಾ ಕೆಳಗಿನ ಜಿ ಸ್ವರಕ್ಕಿಂತ ತುಸು ಮೇಲೆ. ಕೀಲಿಗಿಂತ ಒಂದು ಸಪ್ತಕ ಕೆಳಗೆ ನುಡಿಯುವ ಹದಿನಾರು ಅಡಿಯ ಸ್ಟಾಪ್ ಹಾಕಿ, ಪೆಡಲ್‌ನ ಕೆಳಗಿನ ಜಿ ಒತ್ತಿ ಹೋಲಿಸಿ. ಗುಂಯ್ ಸದ್ದು ಆ ಮಟ್ಟದಲ್ಲಿದ್ದರೆ ಅರ್ತಿಂಗ್ ಅಥವಾ ಕವಚದ ತಂತಿಯ ದೋಷ. ಅದಕ್ಕಿಂತ ಒಂದು ಸಪ್ತಕ ಮೇಲೆ, ಅಂದರೆ 100 ಹರ್ಟ್ಸ್‌ನಲ್ಲಿ ಇದ್ದರೆ ಪವರ್ ಸಪ್ಲೈನ ಕೆಪಾಸಿಟರ್‌ಗಳು ಒಣಗಿವೆ. ನಲವತ್ತು ವರ್ಷ ದಾಟಿದ ಆರ್ಗನ್‌ನಲ್ಲಿ ಎರಡನೆಯದೇ ಹೆಚ್ಚು. ನಿಮ್ಮದು ಅಮೆರಿಕದಿಂದ ಬಂದದ್ದಾದ್ದರಿಂದ 230 ವೋಲ್ಟನ್ನು 110ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್ ಎಲ್ಲೋ ಇರಬೇಕು. ಅದು ಆರ್ಗನ್ನಿನೊಳಗೇ ಕೂತಿದ್ದರೆ ಹೊರಗೆ ತಂದಿಡಿ. ಗುಂಯ್ ಅರ್ಧ ಅಲ್ಲೇ ಇಳಿದರೂ ಆಶ್ಚರ್ಯವಿಲ್ಲ.

ಇಷ್ಟೆಲ್ಲ ರಿಪೇರಿಯಾದ ಮೇಲೆ ನಿಮಗೆ ಸಿಗುವುದು 1970ರ ದಶಕದ ಎಲೆಕ್ಟ್ರಾನಿಕ್ ದನಿ. ನನ್ನ ಅಭಿಪ್ರಾಯ ಕೇಳಿದರೆ, ಅದು ಪೈಪ್ ಆರ್ಗನ್ನಿನ ದೂರದ ಸಂಬಂಧಿ, ಮದುವೆಗೆ ಕರೆಯಬೇಕಾದಷ್ಟು ಹತ್ತಿರದವನಲ್ಲ. ನಿಮ್ಮ ಆರ್ಗನ್ನಿನ ನಿಜವಾದ ಆಸ್ತಿ ಇರುವುದು ಅದರ ಮೈಯಲ್ಲಿ: ಒಂದರ ಮೇಲೊಂದು ಕುಳಿತ ಎರಡು ಕೀಲಿಮಣೆಗಳು, ಕಾಲಿಗೆ ಸಿಗುವ 25 ಪೆಡಲ್, ಮರದ ಬೆಂಚು, ಸಾಲಾಗಿ ಕೂತ ಸ್ಟಾಪ್‌ಗಳು. ನಿಮ್ಮ ಮೆಕ್ಯಾನಿಕ್ ಹೇಳಿದ ಕೀಬೋರ್ಡ್‌ನಲ್ಲಿ ಇವುಗಳಲ್ಲಿ ಒಂದೂ ಇಲ್ಲ. ಪೆಡಲ್‌ಗಳಿರುವ ಹೊಸ ಡಿಜಿಟಲ್ ಆರ್ಗನ್ ನಿಮ್ಮ ಬಜೆಟ್ಟಿನ ಹತ್ತಿರವೂ ಸುಳಿಯುವುದಿಲ್ಲ. ಮೈ ಗಟ್ಟಿಯಾಗಿದೆ, ಗಂಟಲು ಕೆಟ್ಟಿದೆ. ಆದ್ದರಿಂದ ಗಂಟಲು ಬದಲಿಸೋಣ.

ಗಂಟಲು ಬದಲಿಸುವುದೆಂದರೆ ಇಷ್ಟು. ಯಾವ ಕೀಲಿಯನ್ನು ಯಾವಾಗ ಒತ್ತಿದರು, ಯಾವಾಗ ಬಿಟ್ಟರು ಎಂಬ ಸುದ್ದಿಯನ್ನು ಒಂದು ಪುಟ್ಟ ಬೋರ್ಡು ಕಂಪ್ಯೂಟರಿಗೆ ಮುಟ್ಟಿಸುತ್ತದೆ. ಕಂಪ್ಯೂಟರ್ ಅದಕ್ಕೆ ತಕ್ಕ ನಿಜವಾದ ಪೈಪಿನ ಧ್ವನಿಮುದ್ರಣವನ್ನು ನುಡಿಸುತ್ತದೆ. ಸುದ್ದಿ ಮುಟ್ಟಿಸುವ ಭಾಷೆಯ ಹೆಸರು ಮಿಡಿ. ಹೆಸರು ಕೇಳಿ ಉಪ್ಪಿನಕಾಯಿ ನೆನಪಾದರೆ ತಪ್ಪು ನಿಮ್ಮದಲ್ಲ. ಈ ಭಾಷೆ ರೂಪುಗೊಂಡದ್ದು 1983ರಲ್ಲಿ, ಹಾಗಾಗಿ ನಿಮ್ಮ ಆರ್ಗನ್‌ಗೆ ಅದು ಹುಟ್ಟಿನಿಂದ ಬಂದಿರಲಾರದು, ನಾವೇ ಕಲಿಸಬೇಕು. ಮಿಡಿಯಲ್ಲಿ ಪ್ರತಿ ಸ್ವರಕ್ಕೂ 0ಯಿಂದ 127ರವರೆಗಿನ ಒಂದು ಅಂಕಿ. ನಡುವಿನ ಸಿ 60. ನಿಮ್ಮ ಕೀಲಿಮಣೆಯ ಮೊದಲ ಸಿ 36, ಕೊನೆಯ ಸಿ 96. ಪೆಡಲ್‌ಗಳು 36ರಿಂದ 60. ಮೇಲಿನ ಕೀಲಿಮಣೆಗೆ ಒಂದು ಚಾನೆಲ್, ಕೆಳಗಿನದಕ್ಕೆ ಒಂದು, ಪೆಡಲ್‌ಗೆ ಇನ್ನೊಂದು.

ಈಗ ಕೀಲಿಮಣೆಯ ಅಡಿಗೆ ಬಗ್ಗಿ. ಕೀಲಿ ಇಳಿದಾಗ ಒಂದು ಸಣ್ಣ ಸ್ಪ್ರಿಂಗ್ ತಂತಿ ಬಾಗಿ, ಕೀಲಿಮಣೆಯ ಉದ್ದಕ್ಕೂ ಹಾಯ್ದ ಒಂದು ಲೋಹದ ಸರಳನ್ನು ಮುಟ್ಟುತ್ತದೆ. ಒಂದು ಕೀಲಿಗೆ ಇಂಥ ಮೂರು, ನಾಲ್ಕು ತಂತಿಗಳೂ ಇರಬಹುದು, ಬೇರೆ ಬೇರೆ ಸ್ಟಾಪ್‌ಗಳಿಗಾಗಿ. ನಮಗೆ ಬೇಕಾದದ್ದು ಒಂದೇ. ಎಲ್ಲಕ್ಕಿಂತ ಚೊಕ್ಕಟವಾಗಿರುವ, ಕೀಲಿ ಅರ್ಧ ಇಳಿದಾಗಲೇ ಮುಟ್ಟುವ ಸಾಲನ್ನು ಆರಿಸಿಕೊಳ್ಳಿ. ಕರಕರ ಸದ್ದಿನ ಮೂಲವೂ ಇಲ್ಲಿಯೇ: ಕಡಲ ಗಾಳಿಗೆ ಈ ತಂತಿಗಳಿಗೆ ಕಿಲುಬು ಹಿಡಿದಿದೆ. ದಯವಿಟ್ಟು ಮರಳು ಕಾಗದ ಮುಟ್ಟಬೇಡಿ. ಮೇಲಿನ ಲೇಪ ಬಹಳ ತೆಳು, ಎರಡು ಸಲ ಉಜ್ಜಿದರೆ ಹೋಯಿತು. ಆಮೇಲೆ ಕಿಲುಬು ತಿಂಗಳಿಗೊಮ್ಮೆ ಬರುತ್ತದೆ. ಬಾಂಡ್ ಕಾಗದದ ಬೆರಳಗಲದ ಪಟ್ಟಿಯೊಂದನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿ, ತಂತಿ ಮತ್ತು ಸರಳಿನ ನಡುವೆ ತೂರಿಸಿ, ಕೀಲಿಯನ್ನು ಮೆಲ್ಲಗೆ ಒತ್ತಿ ಹಿಡಿದು, ಕಾಗದವನ್ನು ಎಳೆಯಿರಿ. ಕಾಗದದ ಮೇಲೆ ಕಾಡಿಗೆಯಂಥ ಗೆರೆ ಮೂಡುತ್ತದೆ. ಗೆರೆ ಮೂಡುವುದು ನಿಲ್ಲುವ ತನಕ ಮತ್ತೆ ಮತ್ತೆ ಎಳೆಯಿರಿ. 122 ಕೀಲಿಗಳಿಗೆ ಎರಡು ಸಂಜೆ ಹಿಡಿಯುತ್ತದೆ. ಈ ಕೆಲಸಕ್ಕೆ ಕ್ವಾಯರ್‌ನ ಹುಡುಗರನ್ನು ಕೂರಿಸಿಕೊಳ್ಳಿ, ಚೆನ್ನಾಗಿ ಮಾಡುತ್ತಾರೆ.

ಇಲ್ಲೇ ಒಂದು ತಿರುವು, ಅದರಲ್ಲಿ ನಾನು ಒಮ್ಮೆ ಹಳ್ಳಕ್ಕೆ ಬಿದ್ದಿದ್ದೇನೆ. ಇದರ ಬಗ್ಗೆ ಓದತೊಡಗಿದರೆ ಎಲ್ಲರೂ ಕೀಲಿಗಳನ್ನು ಎಂಟು ಅಡ್ಡ ಸಾಲು, ಎಂಟು ಉದ್ದ ಸಾಲಿನ ಜಾಲವಾಗಿ ಹೊಂದಿಸಿ ಎನ್ನುತ್ತಾರೆ. ಹದಿನಾರು ತಂತಿಗಳಲ್ಲಿ 64 ಕೀಲಿ ಓದಬಹುದು, ಅಗ್ಗ. ಹಲವು ವರ್ಷಗಳ ಹಿಂದೆ ಬೇರೊಂದು ಚರ್ಚಿನ ಆರ್ಗನ್‌ಗೆ ನಾನು ಹಾಗೇ ಮಾಡಿದೆ. ಅದಕ್ಕಾಗಿ ಆ ಲೋಹದ ಸರಳನ್ನು ಎಂಟು ತುಂಡು ಮಾಡಿದೆ. ಪ್ರತಿ ಕೀಲಿಗೂ, ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಡಯೋಡ್ ಹಾಕಬೇಕಿತ್ತು. ಆಮೇಲೆ ಹಾಕಿದರಾಯಿತು ಎಂದು ಬಿಟ್ಟೆ. ಒಂದೊಂದೇ ಕೀಲಿ ಒತ್ತಿ ಪರೀಕ್ಷಿಸಿದಾಗ ಎಲ್ಲ ಸರಿಯಿತ್ತು. ಭಾನುವಾರ ಆರ್ಗನ್ ನುಡಿಸುವ ಹಿರಿಯರು ಕೂತು ಎಡಗೈಯಲ್ಲಿ ಇ, ಜಿ, ಮೇಲಿನ ಸಿ ಒತ್ತಿದರು. ಸಿ ಮೇಜರ್, ಇದಕ್ಕಿಂತ ಸಾಧಾರಣವಾದ ಕಾರ್ಡ್ ಇಲ್ಲ. ಅದರೊಂದಿಗೆ ಯಾರೂ ಒತ್ತದ ಇ ಫ್ಲಾಟ್ ಕೂಡ ಮೊಳಗಿತು. ಲೆಕ್ಕ ಹಾಕಿದರೆ ಕಾರಣ ಸರಳ: ಮೊದಲ ಸಾಲಿನಲ್ಲಿ ಸಿಯಿಂದ ಜಿವರೆಗಿನ ಎಂಟು ಕೀಲಿ, ಎರಡನೆಯದರಲ್ಲಿ ಜಿ ಶಾರ್ಪ್‌ನಿಂದ ಮುಂದಿನ ಇ ಫ್ಲಾಟ್‌ವರೆಗಿನ ಎಂಟು. ಇ ಮತ್ತು ಮೇಲಿನ ಸಿ ಒಂದೇ ಕಂಬದಲ್ಲಿ, ಅಂದರೆ ಒಂದೇ ಉದ್ದ ಸಾಲಿನಲ್ಲಿ, ಜಿ ಮತ್ತು ಇ ಫ್ಲಾಟ್ ಇನ್ನೊಂದು ಕಂಬದಲ್ಲಿ. ಚೌಕದ ಮೂರು ಮೂಲೆ ಒತ್ತಿದರೆ ವಿದ್ಯುತ್ತು ಹಿಂಬಾಗಿಲಿನಿಂದ ಹರಿದು ನಾಲ್ಕನೆಯ ಮೂಲೆಯೂ ಒತ್ತಿದಂತೆ ಕಾಣುತ್ತದೆ. ಹಿರಿಯರು ನನ್ನ ಕಡೆ ತಿರುಗಿ, ‘ಇದರೊಳಗೆ ಇನ್ನೊಬ್ಬರು ಇದ್ದಾರೆಯೇ?’ ಎಂದು ಕೇಳಿದರು. 122 ಡಯೋಡ್‌ಗಳನ್ನು ಆ ವಾರವೇ ಹಾಕಿದೆ.

ನೀವು ಸರಳನ್ನು ಕತ್ತರಿಸಲೇಬೇಡಿ. ಅದು ಎಲ್ಲ ಕೀಲಿಗಳಿಗೂ ಸಮಾನವಾಗಿರುವುದನ್ನೇ ಅನುಕೂಲ ಮಾಡಿಕೊಳ್ಳಿ. ಹಳೆಯ ವಿದ್ಯುತ್ತಿನಿಂದ ಅದನ್ನು ಪೂರ್ತಿ ಬಿಡಿಸಿ, ಹೊಸ ಸರ್ಕಿಟ್‌ನ ಶೂನ್ಯ ವೋಲ್ಟ್‌ಗೆ ಸೇರಿಸಿ. ಪ್ರತಿ ಕೀಲಿಯ ತಂತಿಯನ್ನು 74ಎಚ್‌ಸಿ165 ಎಂಬ ಚಿಪ್‌ನ ಒಂದೊಂದು ಬಾಗಿಲಿಗೆ ತನ್ನಿ. ಒಂದು ಚಿಪ್‌ಗೆ ಎಂಟು ಬಾಗಿಲು. ಕೀಲಿಮಣೆಗೆ ಎಂಟೆಂಟು, ಪೆಡಲ್‌ಗೆ ನಾಲ್ಕು, ಒಟ್ಟು ಇಪ್ಪತ್ತು. ಸ್ಟಾಪ್‌ಗಳಿಗೆ ಇನ್ನು ಮೂರು. ಇವು ಬಸ್ಸಿನ ಬಾಗಿಲಲ್ಲಿ ಟಿಕೆಟ್ ಹಣವನ್ನು ಕೈಯಿಂದ ಕೈಗೆ ದಾಟಿಸುವ ಹಾಗೆ ಸುದ್ದಿಯನ್ನು ಒಂದರಿಂದ ಒಂದಕ್ಕೆ ದಾಟಿಸಿ, ಒಂದೇ ತಂತಿಯಲ್ಲಿ ಬೋರ್ಡಿಗೆ ಮುಟ್ಟಿಸುತ್ತವೆ. 23 ಚಿಪ್ ಎಂದರೆ 184 ಸುದ್ದಿ. ಸೆಕೆಂಡಿಗೆ ಹತ್ತು ಲಕ್ಷದ ವೇಗದಲ್ಲಿ ಓದಿದರೆ ಒಂದು ಮಿಲಿಸೆಕೆಂಡಿನ ಐದನೆಯ ಒಂದು ಭಾಗವೂ ಹಿಡಿಯುವುದಿಲ್ಲ. ಡಯೋಡ್ ಬೇಡ, ದೆವ್ವದ ಸ್ವರವಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಈ ಚಿಪ್‌ಗಳು ಚಿಲ್ಲರೆ ಕಾಸಿಗೆ ಸಿಗುತ್ತವೆ. ಐದಾರು ಹೆಚ್ಚಿಗೆ ತನ್ನಿ. ಪ್ರತಿ ಚಿಪ್‌ನ ಪಕ್ಕದಲ್ಲೇ ಒಂದು 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಇರಲಿ, ಇದರಲ್ಲಿ ಜಿಪುಣತನ ಬೇಡ.

ಒಂದು ರೆಸಿಸ್ಟರ್‌ನ ವಿಷಯ ಹೇಳದಿದ್ದರೆ ನೀವು ಆರು ತಿಂಗಳ ಮೇಲೆ ನನಗೆ ಮತ್ತೆ ಬರೆಯುತ್ತೀರಿ. ಪ್ರತಿ ಬಾಗಿಲನ್ನೂ ಒಂದು ರೆಸಿಸ್ಟರ್ ಮೂಲಕ 5 ವೋಲ್ಟ್‌ಗೆ ಕಟ್ಟಬೇಕು. ಪುಸ್ತಕಗಳು 10 ಕಿಲೊಓಮ್ ಎನ್ನುತ್ತವೆ. ಆಗ ಕೀಲಿಯ ಸಂಪರ್ಕದಲ್ಲಿ ಹರಿಯುವುದು ಅರ್ಧ ಮಿಲಿಆಂಪಿಯರ್. ಹೊಸ ಸ್ವಿಚ್‌ಗೆ ಅದು ಸಾಕು. ಕಡಲ ತೀರದಲ್ಲಿ ನಲವತ್ತು ವರ್ಷ ಕಳೆದ ತಂತಿಗೆ ಸಾಲದು, ತೆಳುವಾದ ಕಿಲುಬಿನ ಪದರವನ್ನು ಅದು ಭೇದಿಸಲಾರದು. 1 ಕಿಲೊಓಮ್ ಹಾಕಿ. 5 ಮಿಲಿಆಂಪಿಯರ್ ಹರಿಯುತ್ತದೆ. ಹತ್ತು ಬೆರಳು, ಎರಡು ಕಾಲು ಒಟ್ಟಿಗೆ ಇಳಿದರೂ 60 ಮಿಲಿಆಂಪಿಯರ್, ಚಿಂತೆಯಿಲ್ಲ. ಪೆಡಲ್‌ಗಳ ಸಂಪರ್ಕ ತೀರಾ ಕೆಟ್ಟಿದ್ದರೆ ಅವುಗಳನ್ನು ಉಳಿಸಲು ಹೆಣಗಬೇಡಿ. ಗಾಜಿನ ಕೊಳವೆಯೊಳಗೆ ಮುಚ್ಚಿರುವ, ಅಯಸ್ಕಾಂತ ಹತ್ತಿರ ಬಂದರೆ ಕೂಡಿಕೊಳ್ಳುವ ರೀಡ್ ಸ್ವಿಚ್, ಪೆಡಲ್‌ನ ತುದಿಗೆ ಅಂಟಿಸಿದ ಒಂದು ಕಾಳಿನಷ್ಟು ಅಯಸ್ಕಾಂತ ಸಾಕು. ಗಾಜಿನೊಳಕ್ಕೆ ಕಡಲ ಗಾಳಿ ಹೋಗುವುದಿಲ್ಲ, ಇಲಿಗೂ ರುಚಿಸುವುದಿಲ್ಲ.

ಸುದ್ದಿ ಓದುವ ಬೋರ್ಡಿಗೆ ಆರ್ಡುಯಿನೊ ಲಿಯೊನಾರ್ಡೊ ಸಾಕು. ಅದೇ ಆರ್ಡುಯಿನೊದ ಊನೊ ಬೇಡ, ಅದು ಇದ್ದ ಹಾಗೆಯೇ ಕಂಪ್ಯೂಟರಿಗೆ ಮಿಡಿ ವಾದ್ಯವಾಗಿ ಕಾಣುವುದಿಲ್ಲ, ಮಿಡಿ ಪ್ರೋಗ್ರಾಂ ತುಂಬಿದ ಲಿಯೊನಾರ್ಡೊ ಯುಎಸ್‌ಬಿ ಚುಚ್ಚಿದ ಕೂಡಲೇ ಕಾಣುತ್ತದೆ. ಹಳೆಯ ಐದು ಕಾಲಿನ ಮಿಡಿ ಕೇಬಲ್‌ಗಿಂತ ಯುಎಸ್‌ಬಿ ಒಳ್ಳೆಯದೆನ್ನಲು ಕಾರಣವಿದೆ. ಆ ಕೇಬಲ್‌ನ ವೇಗ ಸೆಕೆಂಡಿಗೆ 31,250 ಬಿಟ್. ಒಂದು ಸ್ವರದ ಸುದ್ದಿಗೆ ಸುಮಾರು ಒಂದು ಮಿಲಿಸೆಕೆಂಡ್. ಎರಡು ಕೈ ಎರಡು ಕಾಲಿನಿಂದ ದೊಡ್ಡ ಕಾರ್ಡ್ ಒತ್ತಿದರೆ ಕೊನೆಯ ಸ್ವರ ಹತ್ತು ಮಿಲಿಸೆಕೆಂಡ್ ತಡ. ಕಿವಿ ಚುರುಕಿದ್ದವರಿಗೆ ಅದು ಕಾರ್ಡ್ ಅಲ್ಲ, ಜಾರಿದ ಕಾರ್ಡ್.

ಧ್ವನಿಯನ್ನು ಏರಿಸಿ ಇಳಿಸುವ ಪೆಡಲ್ ಒಂದು ಸಣ್ಣ ಮೋಜು. ಆ ಕಾಲದ ಹಲವು ಆರ್ಗನ್‌ಗಳಲ್ಲಿ ಅದರೊಳಗೆ ಒಂದು ಪುಟ್ಟ ಬಲ್ಬು, ಎದುರಿಗೆ ಬೆಳಕಿಗೆ ಸ್ಪಂದಿಸುವ ರೆಸಿಸ್ಟರ್, ನಡುವೆ ಕಾಲಿನ ಜೊತೆ ಸರಿಯುವ ಒಂದು ತಗಡು. ಬಲ್ಬು ಸುಟ್ಟರೆ ಇಡೀ ಆರ್ಗನ್ ಪಿಸುಗುಟ್ಟುತ್ತದೆ. ಅಲ್ಲಿ ಬಿಳಿ ಎಲ್‌ಇಡಿ ಹಾಕಿ, ರೆಸಿಸ್ಟರ್‌ನ ತಂತಿಯನ್ನು ಲಿಯೊನಾರ್ಡೊದ ಅನಲಾಗ್ ಕಾಲಿಗೆ ತನ್ನಿ. ಮಿಡಿಯಲ್ಲಿ ಅದಕ್ಕೆ 11ನೆಯ ಕಂಟ್ರೋಲರ್.

ಇನ್ನು ದನಿ. ಗ್ರ್ಯಾಂಡ್‌ಆರ್ಗ್ ಎಂಬ ಉಚಿತ ಮುಕ್ತ ತಂತ್ರಾಂಶವಿದೆ. ಹಣ ಕೊಟ್ಟು ಪಡೆಯುವ ಹಾಪ್ಟ್‌ವರ್ಕ್ ಕೂಡ ಇದೆ. ಎರಡರ ತತ್ತ್ವ ಒಂದೇ: ಯಾವುದೋ ನಿಜವಾದ ಚರ್ಚಿನ ಪೈಪ್ ಆರ್ಗನ್ನಿನ ಒಂದೊಂದು ಪೈಪನ್ನೂ ಬೇರೆ ಬೇರೆಯಾಗಿ ಧ್ವನಿಮುದ್ರಿಸಿ ಇಟ್ಟಿರುತ್ತಾರೆ. ನೀವು ಕೀಲಿ ಒತ್ತಿದರೆ ಆ ಪೈಪು ನುಡಿಯುತ್ತದೆ, ಬಿಟ್ಟರೆ ಆ ಚರ್ಚಿನ ಗೋಡೆಗಳಲ್ಲಿ ಅದರ ದನಿ ಕರಗಿದ ಬಗೆಯೂ ಕೇಳುತ್ತದೆ. ಸ್ವೀಡನ್ನಿನ ಬುರೆಯಾ ಚರ್ಚಿನ ಆರ್ಗನ್ನಿನ ಮುದ್ರಣ ಉಚಿತವಾಗಿ ಸಿಗುತ್ತದೆ. ಅದರಿಂದ ಶುರು ಮಾಡಿ. ನಮ್ಮ ಹಳೆಯ ಎಲೆಕ್ಟ್ರಾನಿಕ್ ತಂಬೂರಿಗೂ ಇಂದಿನ ಧ್ವನಿಮುದ್ರಿತ ತಂಬೂರಿಗೂ ಇರುವ ಅಂತರವೇ ಇಲ್ಲಿಯೂ ಕಾಣುವುದು. ಆರ್ಗನ್‌ಗೆ ಇನ್ನೊಂದು ಅದೃಷ್ಟವೂ ಇದೆ. ಹಳೆಯ ಕೀಲಿಗಳಿಗೆ ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಒಂದೇ. ಪೈಪ್ ಆರ್ಗನ್ನಿಗೂ ಹಾಗೇ. ಆದರೆ ಕ್ರಿಸ್ಮಸ್ ಹೊತ್ತಿಗೆ ಯಾರೋ ಬಂದು ‘ಇದರಲ್ಲೇ ಪಿಯಾನೊ ಕೂಡ ಹಾಕಿ’ ಎನ್ನುತ್ತಾರೆ. ಹಾಕಬಹುದು, ಆದರೆ ಅದು ಭಾವವಿಲ್ಲದ ಪಿಯಾನೊ. ಒಪ್ಪಬೇಡಿ.

ಮುದ್ರಣಗಳಲ್ಲಿ ಪ್ರತಿಧ್ವನಿಸಹಿತ, ಪ್ರತಿಧ್ವನಿರಹಿತ ಎಂದು ಎರಡು ಬಗೆ. ಖಾಲಿ ಚರ್ಚಿನಲ್ಲಿ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ದನಿ ಕ್ಷಣದಲ್ಲಿ ಸತ್ತರೆ ಪ್ರತಿಧ್ವನಿ ಇರುವುದನ್ನು ತನ್ನಿ. ಒಂದೂವರೆ ಎರಡು ಸೆಕೆಂಡ್ ಸುತ್ತಾಡಿದರೆ ಇಲ್ಲದ್ದನ್ನೇ ತನ್ನಿ, ಇಲ್ಲದಿದ್ದರೆ ಚರ್ಚಿನೊಳಗೊಂದು ಚರ್ಚು ಕೂತು ಹಾಡಿನ ಮಾತೇ ತಿಳಿಯುವುದಿಲ್ಲ.

ಕಂಪ್ಯೂಟರ್ ಎಷ್ಟು ದೊಡ್ಡದು ಬೇಕು? ಕೈಲೆಕ್ಕ ಸಾಕು. ಒಂದು ಪೈಪಿನ ಹತ್ತು ಸೆಕೆಂಡಿನ ಸ್ಟೀರಿಯೊ ಮುದ್ರಣ ಸುಮಾರು 2 ಎಂಬಿ. ಒಂದು ಸ್ಟಾಪ್‌ಗೆ 61 ಪೈಪ್, ಅಂದರೆ ಸುಮಾರು 117 ಎಂಬಿ. ಇಪ್ಪತ್ತು ಸ್ಟಾಪ್‌ಗೆ ಎರಡೂಕಾಲು ಜಿಬಿ ಚಿಲ್ಲರೆ. ಇದೆಲ್ಲ ರ‍್ಯಾಮ್‌ನಲ್ಲಿ ಕೂರಬೇಕು. 8 ಜಿಬಿ ಇದ್ದರೆ ಆರಾಮ. ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್‌ನಲ್ಲಿಯೂ ಇದು ನಡೆಯುತ್ತದೆ, ಹವ್ಯಾಸಿಗಳಿಗೆ ಅದೇ ಪ್ರೀತಿ. ನಾನು ಮಾತ್ರ ನಿಮಗೆ ಕಚೇರಿಯಿಂದ ಹೊರಬಿದ್ದ ಒಂದು ಹಳೆಯ ಪುಟ್ಟ ಡೆಸ್ಕ್‌ಟಾಪ್ ತಂದು, ಅದಕ್ಕೆ ಎಸ್‌ಎಸ್‌ಡಿ ಹಾಕಿ ಎನ್ನುತ್ತೇನೆ. ಕಾರಣ ವೇಗವಲ್ಲ. ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಅದು ಕೈಕೊಟ್ಟರೆ, ನೀವು ಅತ್ತೆಯ ಮನೆಯಲ್ಲಿದ್ದರೆ, ಉಡುಪಿಯಲ್ಲಿ ಡೆಸ್ಕ್‌ಟಾಪ್ ರಿಪೇರಿ ಮಾಡಬಲ್ಲವರು ಹತ್ತು ಜನ ಸಿಗುತ್ತಾರೆ. ಈ ಇಡೀ ಕೆಲಸದಲ್ಲಿ ನನ್ನ ಪ್ರತಿ ಸಲಹೆಯ ಹಿಂದೆಯೂ ಇರುವುದು ಇದೊಂದೇ ಪ್ರಶ್ನೆ: ನೀವು ಊರಲ್ಲಿಲ್ಲದ ಭಾನುವಾರ ಏನಾಗುತ್ತದೆ?

ಧ್ವನಿಗೆ ಕಂಪ್ಯೂಟರಿನ ಸ್ವಂತ ತೂತು ಬಳಸಬೇಡಿ, ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ ಒಂದನ್ನು ತನ್ನಿ. ಅದರಲ್ಲಿ ಸೆಕೆಂಡಿಗೆ 48,000 ಧ್ವನಿ ಮಾದರಿಗಳ ದರಕ್ಕೆ 256 ಮಾದರಿಗಳ ಬಫರ್, ಅಂದರೆ ನುಡಿಸುವ ಮೊದಲು ಕೂಡಿಟ್ಟುಕೊಳ್ಳುವ ತುಣುಕು, ಇಟ್ಟರೆ ತಡ ಸುಮಾರು ಐದು ಮಿಲಿಸೆಕೆಂಡ್. 1,024 ಇಟ್ಟರೆ ಇಪ್ಪತ್ತೊಂದು. ಇದಕ್ಕೆ ಹೆದರುವವರು ಬಹಳ. ಗಾಳಿಯಲ್ಲಿ ಸದ್ದು ಮೂರು ಮೀಟರ್ ಸಾಗಲು ಒಂಬತ್ತು ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ದೊಡ್ಡ ಚರ್ಚುಗಳಲ್ಲಿ ಪೈಪುಗಳಿಂದ ಅಷ್ಟು ದೂರ ಕೂತೇ ತಲೆಮಾರುಗಳು ನುಡಿಸಿವೆ. 256ರಲ್ಲಿ ಸದ್ದು ಒಡೆದರೆ 512ಕ್ಕೆ ಏರಿಸಿ, ಯಾರಿಗೂ ಹೇಳಬೇಡಿ.

ನಿಮ್ಮ 60,000ದಲ್ಲಿ ಅರ್ಧವನ್ನು ಸ್ಪೀಕರ್‌ಗೆ ಎತ್ತಿಡಿ. ಎಲ್ಲರೂ ಕಂಪ್ಯೂಟರಿಗೆ ಸುರಿದು ಸ್ಪೀಕರ್‌ನಲ್ಲಿ ಉಳಿಸುತ್ತಾರೆ. ಪೆಡಲ್‌ನ ಹದಿನಾರು ಅಡಿಯ ಸ್ಟಾಪ್‌ನಲ್ಲಿ ಕೆಳಗಿನ ಸಿ 32.7 ಹರ್ಟ್ಸ್; ಮದುವೆ ಮಂಟಪದ ಸ್ಪೀಕರ್‌ನಲ್ಲಿ ಅದು ಕೇಳುವುದಿಲ್ಲ, ಬರೀ ಪೆಟ್ಟಿಗೆ ನಡುಗುತ್ತದೆ. ಎರಡು ಸ್ಪೀಕರ್, ಒಂದು ಒಳ್ಳೆಯ ಸಬ್‌ವೂಫರ್. ಸ್ಪೀಕರ್‌ಗಳ ಮುಖವನ್ನು ಜನರ ಕಡೆ ತಿರುಗಿಸಬೇಡಿ. ಮೇಲಕ್ಕೆ, ಗೋಡೆಯತ್ತ ತಿರುಗಿಸಿ, ಸದ್ದು ಕಟ್ಟಡವನ್ನು ಮುಟ್ಟಿ ಬರಲಿ. ಆರ್ಗನ್ನಿನೊಳಗಿನ ಹಳೆಯ ಸ್ಪೀಕರ್ ಕಾಗದ ಹರಿಯದೆ ಉಳಿದಿದ್ದರೆ ನುಡಿಸುವವರಿಗೆ ಕೇಳಲು ಅದನ್ನೇ ಇಟ್ಟುಕೊಳ್ಳಿ.

ಕರಾವಳಿಯ ಮಳೆಗಾಲದ ಕರೆಂಟನ್ನು ನಂಬಬೇಡಿ. ಮೇಲೆ ಹೇಳಿದ ಅದೇ ಚರ್ಚಿನಲ್ಲಿ ನಾನು ಮೊದಲು ಇಟ್ಟಿದ್ದು ಮೆಮೊರಿ ಕಾರ್ಡಿನ ಪುಟ್ಟ ಕಂಪ್ಯೂಟರ್. ಹಾಡಿನ ಮೂರನೆಯ ಚರಣದಲ್ಲಿ ಕರೆಂಟು ಹೋಯಿತು, ಬಂತು. ಕಾರ್ಡಿನ ಕಡತಗಳು ಮಾತ್ರ ಬರಲಿಲ್ಲ. ಜನ ವಾದ್ಯವಿಲ್ಲದೆ ಹಾಡು ಮುಗಿಸಿದರು, ನಿಜ ಹೇಳಬೇಕೆಂದರೆ ಚೆನ್ನಾಗಿಯೇ ಹಾಡಿದರು. ಆದ್ದರಿಂದ ಕಂಪ್ಯೂಟರಿಗೆ ಒಂದು ಯುಪಿಎಸ್, ಎಸ್‌ಎಸ್‌ಡಿಯ ಪೂರ್ತಿ ನಕಲಿರುವ ಇನ್ನೊಂದು ಎಸ್‌ಎಸ್‌ಡಿ ಆರ್ಗನ್ನಿನೊಳಗೇ ಲಕೋಟೆಯಲ್ಲಿ. ಕರೆಂಟು ಬಂದ ಕೂಡಲೇ ಕಂಪ್ಯೂಟರ್ ತಾನೇ ಎದ್ದು, ತಂತ್ರಾಂಶ ತೆರೆದು, ಆರ್ಗನ್ನಿನ ಮುದ್ರಣವನ್ನು ತುಂಬಿಕೊಂಡು ನಿಲ್ಲುವ ಹಾಗೆ ಹೊಂದಿಸಿ. ಮೌಸ್, ಪರದೆ, ಪಾಸ್‌ವರ್ಡ್ ಏನೂ ನುಡಿಸುವವರ ಕಣ್ಣಿಗೆ ಬೀಳಬಾರದು. ಸ್ಟಾಪ್ ಎಳೆದರೆ ದನಿ ಬರಬೇಕು, ಅಷ್ಟೇ.

ಬಿಡಿಸಿದ ಹಳೆಯ ಬೋರ್ಡುಗಳನ್ನು ಬಿಸಾಡಬೇಡಿ. ತಂತಿಗಳನ್ನು ಕತ್ತರಿಸದೆ ಬೆಸುಗೆ ಬಿಡಿಸಿ, ಒಂದೊಂದಕ್ಕೂ ಚೀಟಿ ಅಂಟಿಸಿ, ಬಿಡಿಸುವ ಮೊದಲು ಪ್ರತಿ ಹಂತದ ಫೋಟೊ ತೆಗೆದು, ಒಣ ಡಬ್ಬಿಯಲ್ಲಿ ಹಾಕಿಡಿ. ನಾಳೆ ಯಾರಾದರೂ ಬಂದು ಆ ಹಳೆಯ ದನಿಯೇ ಬೇಕೆಂದರೆ ಹಿಂತಿರುಗುವ ದಾರಿ ತೆರೆದಿರಲಿ.

ಕೊನೆಯದಾಗಿ, ಬೆಂಚಿನ ಮುಚ್ಚಳದ ಒಳಮೈಗೆ ಲ್ಯಾಮಿನೇಟ್ ಮಾಡಿದ ಒಂದು ಕಾರ್ಡ್ ಅಂಟಿಸಿ. ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ. ಮೊದಲು ಯುಪಿಎಸ್ ಗುಂಡಿ. ಆಮೇಲೆ ಸ್ಪೀಕರ್ ಗುಂಡಿ. ಎರಡು ನಿಮಿಷ ಕಾಯಿರಿ. ದನಿ ಬರದಿದ್ದರೆ ಯುಎಸ್‌ಬಿ ತಂತಿಯನ್ನು ಒಮ್ಮೆ ಕಿತ್ತು ಹಾಕಿ. ಆಗಲೂ ಬರದಿದ್ದರೆ ಲಕೋಟೆಯಲ್ಲಿರುವ ಎಸ್‌ಎಸ್‌ಡಿ ಬದಲಿಸಿ. ಅದಕ್ಕೂ ಜಗ್ಗದಿದ್ದರೆ ಬಲಗಡೆಯ ಕಪಾಟು ತೆರೆಯಿರಿ, ಹಾರ್ಮೋನಿಯಂ ಅಲ್ಲಿದೆ.